ಮೇನ್ ಆಫ್

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಆಸ್ಪತ್ರೆಯ ವ್ಯಾನಿನಿಂದ ಲಿಫ್ಟ್ ಮೆಕ್ಯಾನಿಕ್‌ನ ಶವ ಇಳಿಸಿದರು. ವಯಸ್ಸು ಐವತ್ತೊಂದು. ಹಿಂದಿನ ದಿನ ಆರಂತಸ್ತಿನ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ರಿಪೇರಿ ಮಾಡುತ್ತಿದ್ದಾಗ ಅದು ಚಲಿಸಿತ್ತು. ಮೇನ್ ಸ್ವಿಚ್ ಆಫ್ ಆಗಿರಲಿಲ್ಲ.

ನಡುಮನೆಯ ಚಾಪೆಯ ಮೇಲೆ ಮಲಗಿಸುತ್ತಿದ್ದಂತೆ ಹೆಂಡತಿ ಬಗ್ಗಿ ಅವನ ಬಾಯಿಯ ಹತ್ತಿರ ಮೂಗು ತಂದಳು. ಔಷಧದ ವಾಸನೆ ಬಿಟ್ಟು ಬೇರೇನೂ ತಿಳಿಯಲಿಲ್ಲ.

“ಇನ್ನೇನು ಮೂಸ್ತೀಯೆ?” ಎಂದ ಅವಳ ಅಣ್ಣ. “ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡ್ದೋನು ಸ್ವಿಚ್ ಮರೀತಾನಾ? ಹಾಕ್ಕೊಂಡೇ ಹತ್ತಿದಾನೆ.”

“ಮೂರು ವರ್ಷದಿಂದ ಮುಟ್ಟಿಲ್ಲ, ಅಣ್ಣ.”

“ನಿನ್ನೆದುರಿಗೆ ಮುಟ್ಟಿಲ್ಲ.”

ಹೋದ ವಾರ ಗಂಡ ಒಂದೇ ದಿನ ಎರಡು ಸಲ ಉಪ್ಪು ತಂದದ್ದು ಅವಳಿಗೆ ನೆನಪಾಯಿತು. ಸ್ವಂತ ಮನೆ ದಾಟಿ ಮುಂದಿನ ತಿರುವಿನ ತನಕ ಹೋಗಿ ವಾಪಸಾಗಿದ್ದ. ಕುಡಿಯುತ್ತಿದ್ದ ಕಾಲದಲ್ಲೂ ಹೀಗೆಯೇ ಇತ್ತು.

ಬಾಗಿಲ ಬಳಿ ಕಂಪನಿಯ ಮೇಲ್ವಿಚಾರಕ ನಿಂತಿದ್ದ. ಪಕ್ಕದಲ್ಲಿ, ಸತ್ತವನಿಗೆ ಜೋಡಿಯಾಗಿ ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್.

“ಕುಡಿದಿದ್ದ ಅಂತಲೇ ರಿಪೋರ್ಟ್ ಬರೀತೀನಿ,” ಎಂದು ಮೇಲ್ವಿಚಾರಕ ಪಿಸುಗುಟ್ಟಿದ. “ನೀನು ನಿನ್ನೆ ರಜೆ. ನಿನಗ್ಯಾಕೆ ಇಲ್ಲದ ತಲೆನೋವು?”

*

ಮೂರು ವರ್ಷದ ಹಿಂದೆ, ಕುಡಿತ ಬಿಡಿಸುವ ಚಿಕಿತ್ಸಾ ಕೇಂದ್ರದಿಂದ ಕೆಲಸಕ್ಕೆ ಮರಳಿದ ಮೊದಲ ದಿನವೇ ಅವನು ಜೋಡಿಗೆ ಹೇಳಿದ್ದ.

“ಡಾಕ್ಟ್ರು ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು. ಎರಡೇ ನೆನಪಿಗೆ ಬಂತು. ಕುಡಿತ ಬಿಟ್ರಿ, ತಲೆ ಸರಿಹೋಗೋಕೆ ಟೈಮ್ ಬೇಕು, ಪೂರ್ತಿ ಸರಿಹೋಗದೇನೂ ಇರಬಹುದು ಅಂದ್ರು.”

“ಅತ್ತಿಗೆಗೆ ಹೇಳಿದ್ಯಾ?”

“ಹೇಳಿದ್ರೆ ಕೆಲಸ ಬಿಡಿಸ್ತಾಳೆ. ಕೆಲಸ ಇಲ್ದಿದ್ರೆ ನಾನು ಎಲ್ಲಿ ಹೋಗಿ ಕೂರ್ತೀನಿ ಅಂತ ನಿನಗೆ ಗೊತ್ತು.”

ಅಂದಿನಿಂದ ಅವನು ಪ್ರತಿ ಹೆಜ್ಜೆಯನ್ನೂ ಗಟ್ಟಿಯಾಗಿ ಹೇಳುವುದು, ಜೋಡಿ ಕಣ್ಣಾರೆ ನೋಡಿ “ಆಯ್ತು” ಎನ್ನುವುದು. ಆ ಮಾತು ಕೇಳದೆ ಅವನು ಲಿಫ್ಟಿನ ಮೇಲೆ ಕಾಲಿಡುತ್ತಿರಲಿಲ್ಲ.

“ಮೇನ್ ಆಫ್.”

“ಆಯ್ತು.”

“ಸ್ವಿಚ್‌ಗೆ ಬೀಗ ಹಾಕಿದೆ.”

“ಆಯ್ತಪ್ಪಾ. ಮಗ್ಗಿ ಒಪ್ಪಿಸೋರ ಥರ ಕಿರುಚಬೇಡ.”

“ತಪ್ಪಿದ್ರೆ ಕಿವಿ ಹಿಂಡಿ, ಮೇಷ್ಟ್ರೇ.”

ಕಂಪನಿಗೆ ಇಬ್ಬರೂ ತಿಳಿಸಲಿಲ್ಲ.

*

ಜೋಡಿ ಒಳಗೆ ಬಂದು ಚಾಪೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

“ಅತ್ತಿಗೆ, ಅವನು ಕುಡಿದಿರಲಿಲ್ಲ.”

“ಏಯ್, ಕೆಲಸ ಬೇಡ್ವಾ ನಿನಗೆ?” ಮೇಲ್ವಿಚಾರಕನ ದನಿ ಏರಿತು.

“ಅವನಿಗೆ ನೆನಪು ನಿಲ್ತಿರಲಿಲ್ಲ. ಮೂರು ವರ್ಷ ನಾನೇ ಮುಚ್ಚಿಟ್ಟೆ. ನಿನ್ನೆ ಮಗಳ ಹಲ್ಲು ತೋರಿಸೋಕೆ ರಜೆ ಹಾಕಿದ್ದೆ. ಒಬ್ಬನೇ ಹತ್ತಬೇಡ ಅಂದಿದ್ದೆ.”

“ಮತ್ತೆ ಹತ್ತಿದ್ಯಾಕೆ?” ಎಂದ ಅವಳ ಅಣ್ಣ.

“ಅಂದಿದ್ದೂ ಮರೆತಿರಬೇಕು.”

ಅಣ್ಣ ಮುಖ ತಿರುಗಿಸಿದ. ಅವಳು ಗಂಡನ ಮುಖ ನೋಡುತ್ತ, “ನನ್ನ ಹತ್ರ ಒಂದು ಮಾತು ಆಡಲಿಲ್ಲ,” ಎಂದಳು.

“ಬಾಗಿಲಲ್ಲಿ ಬ್ಯಾಗ್ ಇಸ್ಕೊಳ್ಳೋ ನೆಪದಲ್ಲಿ ನೀವು ಮೂಸೋದು ಅವನಿಗೆ ಗೊತ್ತಿತ್ತು. ಅದೊಂದು ಪರೀಕ್ಷೆ ದಿನಾ ಪಾಸಾಗ್ತೀನಿ ಅಂತ ನಗ್ತಿದ್ದ.”

ಶವ ಎತ್ತುವ ಹೊತ್ತಿಗೆ ಮೇಲ್ವಿಚಾರಕ ಹೊರಟುಹೋಗಿದ್ದ. ಮಾರನೆಯ ದಿನ ಜೋಡಿಯನ್ನು ಕೆಲಸದಿಂದ ತೆಗೆದರು. ರಕ್ತಪರೀಕ್ಷೆಯ ವರದಿ ಬಂದದ್ದು ಹತ್ತೊಂಬತ್ತು ದಿನ ಕಳೆದ ಮೇಲೆ. ಮದ್ಯದ ಅಂಶ ಇಲ್ಲ ಎಂದು ಅದರಲ್ಲಿತ್ತು. ವರದಿ ತೆಗೆದುಕೊಂಡು ಹೋಗಿ ಎಂದು ಪೊಲೀಸ್ ಠಾಣೆಯಿಂದ ಮೂರು ಸಲ ಫೋನ್ ಬಂತು. “ಇನ್ನೆಷ್ಟು ಸಲ ಮೂಸೋದು?” ಎಂದು ಅವಳು ಹೋಗಲಿಲ್ಲ.