ಬೇಕರಿ ಕಡೆಯ ಗೋಡೆ

ಮೇಸ್ತ್ರಿ ತೊಲೆಯಿಂದ ತೂಗುಗುಂಡನ್ನು ಇಳಿಬಿಟ್ಟು, ಅದರ ಓಲಾಟ ನಿಲ್ಲಲಿ ಎಂದು ಕಾದ. ಮೇಲೆ ದಾರಕ್ಕೂ ಗೋಡೆಗೂ ಒಂದು ಗೇಣಿನ ಸಂದು. ಮಂಚದ ಎತ್ತರಕ್ಕೆ ಬರುವಷ್ಟರಲ್ಲಿ ಗೋಡೆಯೇ ಮುಂದೆ ಬಂದು ದಾರವನ್ನು ತಳ್ಳಿಕೊಂಡು ನಿಂತಿತ್ತು.

"ಹೊಟ್ಟೆ ಬಿಟ್ಟಿದೆ ಅಮ್ಮಾ, ತುಂಬು ಬಸುರಿ ಥರ," ಎಂದ. "ಹೆರೋದು ಮಾತ್ರ ನಮ್ಮ ತಲೆ ಮೇಲೆ."

ಹೊಲಿಗೆಯವಳು ಮೆಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ಅವಳ ತೊಡೆಯಿಂದ ಇಳಿದು ಕೋಣೆಯ ನೆಲವನ್ನೆಲ್ಲ ಮುಚ್ಚಿದ್ದು ಹಸಿರು ಟಾರ್ಪಾಲು. ಹೆಂಚು ಹಾರಿಹೋದ ಮನೆಗಳಿಗೆ ಹೊದಿಸಲು ದುರಸ್ತಿ ಕಚೇರಿಯವರು ಕೊಟ್ಟ ಕೆಲಸ. ಮೊದಲು ಮದುವೆ ಬಟ್ಟೆ ಹೊಲಿಯುತ್ತಿದ್ದ ಮೆಷಿನ್ ಈಗ ಇಡೀ ಊರಿಗೆ ಅಂಗಿ ಹೊಲಿಯುತ್ತಿತ್ತು, ಸೂಜಿ ಮುರಿದುಕೊಳ್ಳುತ್ತ.

"ಬಿಚ್ಚಿ, ಬೇಡ ಅನ್ನಲ್ಲ," ಎಂದಳು. "ಕಟ್ಟುವಾಗ ಮಾತ್ರ ನಂದೊಂದು ಗೋಡೆ, ಬೇಕರಿಯವರದೊಂದು ಗೋಡೆ. ಆವತ್ತೇ ಹೇಳಿದ್ದೀನಿ."

ಎಂಜಿನಿಯರಮ್ಮ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದಳು. ಟಾರ್ಪಾಲು ಬಿಟ್ಟುಕೊಟ್ಟಿದ್ದ ಜಾಗ ಅದೊಂದೇ. ಇದೇ ಮಾತನ್ನು ಎಷ್ಟನೆಯ ಸಲವೋ ಹೇಳುತ್ತಿದ್ದಳು, ಆದರೂ ದನಿ ಏರಿಸಲಿಲ್ಲ.

"ಎರಡು ಗೋಡೆಗೆ ಜಾಗ ಎಲ್ಲಿದೆ ಹೇಳಿ. ನಿಮ್ಮ ಅಟ್ಟದ ಮೆಟ್ಟಿಲು ಹೋಗತ್ತೆ. ಮೆಟ್ಟಿಲು ಉಳಿಸೋಣ ಅಂತ ತೆಳ್ಳಗೆ ಕಟ್ಟಿದ್ರೆ ನಿಲ್ಲಲ್ಲ. ಈ ಸಾಲಲ್ಲಿ ಒಂದು ಮನೆಯೂ ತನ್ನ ಕಾಲ ಮೇಲೆ ತಾನು ನಿಂತಿಲ್ಲಮ್ಮ. ಒಂದರ ಹೆಗಲಿಗೆ ಇನ್ನೊಂದು ಒರಗಿದೆ."

ಸಾಲಿನ ಕೊನೆಯಲ್ಲಿ ಕಮಾನು ಬಾಗಿಲಿತ್ತು, ಊರಿನಲ್ಲಿ ಉಳಿದದ್ದರಲ್ಲಿ ಎಲ್ಲಕ್ಕಿಂತ ಹಳೆಯದು. ಯುದ್ಧದಲ್ಲಿ ಮಾರುಕಟ್ಟೆಯನ್ನೂ ಪುಸ್ತಕ ಭಂಡಾರವನ್ನೂ ನೆಲಸಮ ಮಾಡಿದ ಶೆಲ್ಲುಗಳು ಅದನ್ನು ಹೇಗೋ ಬಿಟ್ಟುಬಿಟ್ಟಿದ್ದವು. ಅದರ ಒಂದು ಮಗ್ಗುಲಿಗೆ ಈ ಮನೆಗಳೇ ಆಸರೆ. ಬೇಕರಿಗೂ ಹೊಲಿಗೆಯವಳ ಮನೆಗೂ ನಡುವಿನ ಈ ಗೋಡೆ ಕುಸಿದರೆ ಸಾಲು ಜಾರುತ್ತದೆ, ಸಾಲಿನ ಹಿಂದೆಯೇ ಕಮಾನು. ಎರಡೂ ಮನೆಯವರು ಒಪ್ಪಿದರೆ ಗೋಡೆಯನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಅದೇ ಕಲ್ಲುಗಳಿಂದ ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟುವುದು. ಒಪ್ಪದಿದ್ದರೆ ಮಳೆಗೆ ಮುಂಚೆ ಎರಡು ಮನೆಯನ್ನೂ ಕೆಡವಿ, ಆ ಜಾಗದಲ್ಲಿ ಕಮಾನಿಗೆ ಕಬ್ಬಿಣದ ಆಸರೆ ಕೊಡುವುದು. ಬೇಕರಿಯವರು ಒಪ್ಪಿಯಾಗಿತ್ತು. ಇವಳ ಉತ್ತರವನ್ನು ಎಂಜಿನಿಯರಮ್ಮ ಸಂಜೆಯೊಳಗೆ ಕಚೇರಿಗೆ ಮುಟ್ಟಿಸಬೇಕಿತ್ತು.

"ಕೆಡವೋದಾದ್ರೆ ಕೆಡವಲಿ. ಶೆಲ್ ಬೀಳೋವಾಗ ಈ ಮನೇಲೇ ಇದ್ದವಳು ನಾನು. ಈಗ ಸುತ್ತಿಗೆಗೆ ಹೆದರ್ತೀನಾ?"

"ಸುತ್ತಿಗೆ ಹಿಡಿಯೋರು ಹೆದರ್ತಿದ್ದೀವಿ," ಎಂದ ಮೇಸ್ತ್ರಿ, ದಾರ ಸುತ್ತುತ್ತ.

ಅಷ್ಟರಲ್ಲಿ ಬೇಕರಿಯವಳು ಬಾಗಿಲಲ್ಲಿ ಬಂದು ನಿಂತಳು. ಮುಂಗೈವರೆಗೂ ಸುಣ್ಣದ ಧೂಳು. ತಮ್ಮ ಕಡೆ ಆಸರೆ ಕಂಬ ಕೊಟ್ಟಾಯಿತು ಎಂದು ಹೇಳಲು ಬಂದಿದ್ದಳು. ಬೇಕರಿಯವರು ಊರಿಗೆ ಮರಳಿ ಎರಡು ತಿಂಗಳಾಗಿದ್ದರೂ ಹೊಲಿಗೆಯವಳು ಅವಳ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಆಡುವುದಿದ್ದರೆ ಮಗಳ ಮೂಲಕ. ಮಗಳು ಮಂಚದ ಮೇಲೆ ಕೂತು ಶಾಲೆಯ ಲೆಕ್ಕ ಮಾಡುತ್ತಿದ್ದಳು.

"ಕುರ್ಚಿ ಇಲ್ಲ ಅಂತ ಹೇಳೇ ಬಂದೋರಿಗೆ."

"ಕುರ್ಚಿ ಇಲ್ವಂತೆ ದೊಡ್ಡಮ್ಮ."

"ಕೂರೋಕೆ ಬಂದಿಲ್ಲ ಅಂತ ಹೇಳು ಕಂದ."

ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. "ಇಬ್ಬರಿಗೂ ಕಿವಿ ಇದೆಯಲ್ಲ, ನೀವೇ ಹೇಳ್ಕೊಳ್ಳಿ. ನಂಗೆ ಭಾಗಾಕಾರ ತಪ್ತಿದೆ."

ಮೇಸ್ತ್ರಿ ನಗು ನುಂಗಿಕೊಂಡ. ಉಳಿದವರು ಯಾರೂ ನಗಲಿಲ್ಲ.

ಆ ಗೋಡೆಯ ಆಚೆ ಬದಿಗೆ ಅಂಟಿಕೊಂಡೇ ಬೇಕರಿಯ ಭಟ್ಟಿ ಇತ್ತು. ಅಲ್ಲಿ ಬ್ರೆಡ್ಡು ಬೇಯುತ್ತಿದ್ದಷ್ಟು ಕಾಲವೂ ಇಲ್ಲಿ ಗೋಡೆ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಅತ್ತೆಯ ಮಂಚ ಅದಕ್ಕೆ ತಾಗಿಕೊಂಡೇ ಇರಬೇಕು. ಮಗಳ ಒದ್ದೆ ಕಾಲುಚೀಲ ಅದಕ್ಕೇ ಅಂಟಿ ಒಣಗಬೇಕು. ದಾಳಿ ಊರ ಬಾಗಿಲಿಗೆ ಬಂದಾಗ ಒಂದು ರಾತ್ರಿ ಬೇಕರಿಯವರು ಲಾರಿ ಹತ್ತಿ ಹೋಗಿಬಿಟ್ಟರು. ಬೆಳಗ್ಗೆ ಎದ್ದ ಅತ್ತೆ ಅಭ್ಯಾಸದಂತೆ ಕೈ ಚಾಚಿ, "ಗೋಡೆ ತಣ್ಣಗಿದೆಯಲ್ಲೇ," ಎಂದಳು. ಸುದ್ದಿ ತಿಳಿದದ್ದು ಹಾಗೆ. ಆ ಚಳಿಗಾಲ ಕಪಾಟು ಸುಟ್ಟರು, ಕಿಟಕಿಯ ಬಾಗಿಲು ಸುಟ್ಟರು, ಕೊನೆಗೆ ತೊಟ್ಟಿಲನ್ನೂ ಸುಟ್ಟರು. ಚಳಿ ಮುಗಿಯುವ ಮೊದಲೇ ಅತ್ತೆ ಮುಗಿದಳು.

ಮೆಷಿನ್ ನಿಂತಿತು.

"ಗೋಡೆ ತಟ್ಟಿ ಒಂದು ಮಾತು," ಎಂದಳು ಹೊಲಿಗೆಯವಳು, ಟಾರ್ಪಾಲಿನಿಂದ ಕಣ್ಣೆತ್ತದೆ. "ಹೋಗ್ತಿದ್ದೀವಿ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ಲ ನಿಮಗೆ."

"ಹೇಳಿದ್ರೆ ನೀನು ಬರ್ತಿದ್ದೆ."

"ಬರ್ತಿದ್ದೆ."

"ಲಾರೀಲಿ ಜಾಗ ಇರ್ಲಿಲ್ಲ." ಬೇಕರಿಯವಳು ಕೈಯ ಸುಣ್ಣ ಉಜ್ಜಿಕೊಂಡಳು. ಅದು ಹೋಗಲಿಲ್ಲ. "ನನ್ನ ಮಕ್ಕಳನ್ನೇ ಒಬ್ಬರ ಮೇಲೊಬ್ಬರು ಕೂರಿಸಿದ್ದೆ. ನೀನು, ನಿನ್ನತ್ತೆ, ಈ ಮಗು ಬಂದು ಕೆಳಗೆ ನಿಂತಿದ್ರೆ ಬೇಡ ಅನ್ನೋ ಬಾಯಿ ನನಗಿರ್ಲಿಲ್ಲ. ಬನ್ನಿ ಅನ್ನೋ ಜಾಗಾನೂ ಇರ್ಲಿಲ್ಲ. ಅದಕ್ಕೇ ತಟ್ಟಲಿಲ್ಲ. ಮರೆತೆ ಅಂತ ಹೇಳಬಹುದಿತ್ತು. ಮರೆತಿರ್ಲಿಲ್ಲ."

ಮೇಸ್ತ್ರಿ ಸುತ್ತಿದ ದಾರವನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದ.

ಮರೆತೆ ಎಂದಿದ್ದರೆ, ಹೊತ್ತಿರಲಿಲ್ಲ ಎಂದಿದ್ದರೆ, ಹೊಲಿಗೆಯವಳ ಬಳಿ ಉತ್ತರ ಸಿದ್ಧವಿತ್ತು. ಅಟ್ಟದ ಮೆಟ್ಟಿಲು ಹತ್ತುವಾಗ, ನೀರಿನ ಸಾಲಿನಲ್ಲಿ ನಿಂತಾಗ ಎಷ್ಟೋ ಸಲ ಮಸೆದಿಟ್ಟುಕೊಂಡ ಉತ್ತರಗಳು. ಇದಕ್ಕೆ ಮಾತ್ರ ಯಾವುದೂ ಹೊಂದಲಿಲ್ಲ. ಲಾರಿಯ ಮೇಲೆ ತಾನಿದ್ದು, ತನ್ನ ಕಾಲ ಮೇಲೆ ಮಗಳಿದ್ದು, ಕೆಳಗೆ ಬೇಕರಿಯವರು ನಿಂತಿದ್ದರೆ? ಅವಳ ಕಾಲು ತನ್ನಷ್ಟಕ್ಕೆ ಮೆಷಿನ್ ತುಳಿಯಿತು. ಸೂಜಿಯ ಕೆಳಗಿನಿಂದ ಟಾರ್ಪಾಲು ಜಾರಿಹೋಗಿತ್ತು. ನೂಲು ಗಂಟುಗಂಟಾಗಿ ಸುತ್ತಿಕೊಂಡಿತು.

ಎಂಜಿನಿಯರಮ್ಮ ಹೊಲಿಗೆಯವಳಿಗೆ ಹಿಡಿಸಬಹುದೆಂದು ಇನ್ನೊಂದು ಮಾತು ಹೇಳಿದಳು. "ಭಟ್ಟಿಯಿಂದಲೂ ತೊಂದರೆ ಆಗಿದೆ. ಕಾವಿಗೆ ಗಾರೆ ಪುಡಿಯಾಗಿದೆ. ಭಟ್ಟಿನ ತೆಗೆದು ಬೇಕರಿಯ ಆ ಕಡೆ ಗೋಡೆಗೆ ಹಾಕೋಣ ಅಂತಿದ್ದೀವಿ. ಆಮೇಲೆ ನಿಮಗೆ ಅವರ ಮಸಿ, ಬೆಳಗಿನ ಜಾವದ ಸದ್ದು, ಏನೂ ಇರಲ್ಲ."

"ಭಟ್ಟಿ ಎಲ್ಲಿಗೂ ಹೋಗೋದು ಬೇಡ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಸೂಜಿಯ ಬುಡದಿಂದ ಗಂಟು ಬಿಡಿಸುತ್ತಿದ್ದಳು.

"ಒಂದೇ ಗೋಡೆ ಕಟ್ಟಿ. ಒಪ್ಪಿದೆ ಅಂತ ಬರ್ಕೊಳ್ಳಿ. ಆದ್ರೆ ಭಟ್ಟಿ ಇದ್ದಲ್ಲೇ ಇರಬೇಕು."

"ಯಾಕೆ?" ಬೇಕರಿಯವಳ ದನಿ ಮೆತ್ತಗಿತ್ತು.

"ನನ್ನ ಮಗಳು ಮಲಗೋ ಜಾಗ ಇದು. ಇನ್ನೊಂದು ಚಳಿಗಾಲಕ್ಕೆ ಸುಡೋಕೆ ಮನೇಲಿ ಏನೂ ಉಳಿದಿಲ್ಲ." ಹಲ್ಲಿನಿಂದ ನೂಲು ಕತ್ತರಿಸಿದಳು. "ಮತ್ತೆ, ಇನ್ನೊಂದ್ಸಲ ನೀವು ಹೊರಟ್ರೆ ತಟ್ಟೋದೂ ಬೇಡ, ಹೇಳೋದೂ ಬೇಡ. ಗೋಡೆ ಮುಟ್ಟಿದ್ರೆ ನನಗೆ ಗೊತ್ತಾಗಬೇಕು."

ಬೇಕರಿಯವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಇನ್ನೆಲ್ಲಿಗೆ ಹೋಗ್ಲಿ," ಎಂದಳು.

ಎಂಜಿನಿಯರಮ್ಮ ಸುಲಭಕ್ಕೆ ಒಪ್ಪಲಿಲ್ಲ. ಕಾಗದದ ಹಿಂಬದಿಯಲ್ಲಿ ಏನೇನೋ ಗೆರೆ ಎಳೆದಳು, ಹೊಡೆದುಹಾಕಿದಳು, ಮೇಸ್ತ್ರಿಯನ್ನು ಕರೆದು ತೋರಿಸಿದಳು. ಕೊನೆಗೆ, ಭಟ್ಟಿಯ ಬೆನ್ನಿಗೆ ಬೆಂಕಿ ತಡೆಯುವ ಇಟ್ಟಿಗೆ ಜೋಡಿಸಿ, ಗೋಡೆಗೂ ಅದಕ್ಕೂ ನಡುವೆ ಅಂಗೈ ತೂರುವಷ್ಟು ಸಂದು ಬಿಟ್ಟರೆ ಗಾರೆ ತಾಳಬಹುದು ಎಂದಳು.

"ಸಂದು ಬಿಟ್ರೆ ಕಾವು ಬರತ್ತಾ?"

"ಮೊದಲಿನಷ್ಟಿಲ್ಲ. ಬರತ್ತೆ."

"ಎಷ್ಟು?"

ಅದಕ್ಕೆ ಎಂಜಿನಿಯರಮ್ಮನ ಬಳಿ ಲೆಕ್ಕವಿದ್ದಿರಬೇಕು. ಮೇಸ್ತ್ರಿಯೇ ಮುಂದಾಗಿ ಹೇಳಿದ: "ಕಾಲುಚೀಲ ಒಣಗತ್ತೆ. ಬೆಳಗ್ಗೆ ಹೊತ್ತಿಗೆ."

"ಸಾಕು," ಎಂದು ಹೊಲಿಗೆಯವಳು ಮತ್ತೆ ತುಳಿಯತೊಡಗಿದಳು.

ಅಟ್ಟದಿಂದ ಶುರುವಾಯಿತು. ತೊಲೆಗಳಿಗೆ ಕಂಬ ಕೊಟ್ಟು, ಮೇಲಿನ ಸಾಲಿನಿಂದ ಒಂದೊಂದೇ ಕಲ್ಲು ಬಿಚ್ಚಿ, ಸೀಮೆಸುಣ್ಣದಿಂದ ಸಂಖ್ಯೆ ಹಾಕಿ, ಬೀದಿಯಲ್ಲಿ ಬಿಚ್ಚಿದ ಕ್ರಮದಲ್ಲೇ ಮಲಗಿಸಿದರು. ಮೆಷಿನ್ ಅಡುಗೆಮನೆಗೆ ಹೋಯಿತು. ಅನ್ನದ ತಪ್ಪಲೆಯಲ್ಲೂ ಧೂಳು, ತಲೆದಿಂಬಿನಲ್ಲೂ ಧೂಳು. ಮಗಳು ಸೀನುತ್ತಲೇ ಭಾಗಾಕಾರ ಕಲಿತಳು. ಎರಡು ವಾರದಲ್ಲಿ ಗೋಡೆ ಎದೆಯೆತ್ತರಕ್ಕೆ ಇಳಿಯಿತು. ಒಂದು ಬೆಳಗ್ಗೆ ಹೊಲಿಗೆಯವಳು ಅದರ ಮೇಲಿನಿಂದ ಆಚೆ ಬಗ್ಗಿ ನೋಡಿದಳು.

"ಭಟ್ಟಿ ಹಿಂದೆ ಗುಡಿಸಿಯೇ ಇಲ್ಲವಲ್ಲ ನೀವು."

"ಭಟ್ಟಿ ಹಿಂದೆ ಯಾರು ಗುಡಿಸ್ತಾರೆ?"

"ನಾನಾಗಿದ್ರೆ ಗುಡಿಸ್ತಿದ್ದೆ."

"ಗೋಡೆ ಬಿಚ್ಚಿ ನೋಡೋ ನೆಂಟರು ಇರ್ಲಿಲ್ಲ ನಮಗೆ," ಎಂದಳು ಬೇಕರಿಯವಳು. ಮೇಸ್ತ್ರಿಯ ಆಳುಗಳು ಎರಡೂ ಕಡೆ ನಕ್ಕರು.

ಅವತ್ತೇ ಮಧ್ಯಾಹ್ನ ಒಂದು ಕಲ್ಲು ಮೊಂಡುಹಿಡಿಯಿತು. ಉಳಿದವುಗಳಂತೆ ಅರ್ಧಕ್ಕೇ ಮುಗಿಯದೆ, ಗೋಡೆಯ ದಪ್ಪವನ್ನೆಲ್ಲ ಹಾಯ್ದು ಎರಡೂ ಮನೆಗೆ ಮುಖ ಕೊಟ್ಟಿತ್ತು. ಆಚೆಯಿಂದ ನಾಲ್ಕು ಜನ ನೂಕಿ, ಈಚೆಯಿಂದ ನಾಲ್ಕು ಜನ ಎಳೆದು, ಅಂಗುಲ ಅಂಗುಲವಾಗಿ ಹೊರತಂದು ಕೋಣೆಯ ನಡುವೆ ಇಳಿಸಿದರು. ಒಂದು ತುದಿಗೆ ತಲೆಮಾರುಗಳ ಮಸಿ. ಇನ್ನೊಂದು ತುದಿಯಲ್ಲಿ ಪದರದ ಮೇಲೆ ಪದರ ಬಣ್ಣ: ನೀಲಿ, ಅದರಡಿ ಹಳದಿ, ಅದರಡಿ ಈಗಿನವರು ಯಾರೂ ಕಂಡಿರದ ಒಂದು ಹಸಿರು.

ಶಾಲೆಯಿಂದ ಬಂದ ಮಗಳು ಬೇರೆಲ್ಲೂ ಜಾಗವಿಲ್ಲದೆ ಅದರ ಮೇಲೆಯೇ ಕೂತುಬಿಟ್ಟಳು, ಮಸಿಯ ತುದಿಯಲ್ಲಿ.

"ಏಳೇ, ಏಳು. ಇದ್ದದ್ದೊಂದೇ ಒಳ್ಳೇ ಫ್ರಾಕು."

ಹೊಲಿಗೆಯವಳು ಅವಳನ್ನು ಎಬ್ಬಿಸಿ, ತಿರುಗಿಸಿ, ಹಿಂಭಾಗವನ್ನು ಅಂಗೈಯಿಂದ ಹೊಡೆದು ಹೊಡೆದು ಝಾಡಿಸಿದಳು. ಫ್ರಾಕಿನ ಮಸಿ ಹೋಗಲಿಲ್ಲ. ಕೈ ಮಾತ್ರ ಕಪ್ಪಾಯಿತು. ಒರೆಸಿಕೊಳ್ಳಲು ಅತ್ತಿತ್ತ ನೋಡಿದಳು. ಅಡುಗೆಮನೆಯಲ್ಲಿ ಅರ್ಧ ಹೊಲಿದ ಬಟ್ಟೆ ಕಾದಿತ್ತು. ಹೇಗೂ ನಾಳೆ ಬಿಚ್ಚುವುದೇ ಎಂದು, ಉಳಿದ ಗೋಡೆಯ ನೀಲಿಗೆ ಅಂಗೈ ಒತ್ತಿ ಎಳೆದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಮರುದಿನದ ಸಾಲಿಗೆ ಗುರುತು ಹಾಕುತ್ತ ಅಲ್ಲಿಗೆ ಬಂದ. ಮಸಿಯ ಐದು ಬೆರಳೂ ಎರಡು ಕಲ್ಲುಗಳ ಮೇಲೆ ಹರಡಿಕೊಂಡಿದ್ದವು. ಬೆರಳುಗಳಿಗೆ ತಾಗದಂತೆ ಪಕ್ಕದಲ್ಲಿ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ, ಎರಡು ಕಲ್ಲಿಗೂ ಸಂಖ್ಯೆ ಬರೆದು ಮುಂದಿನ ಕಲ್ಲಿಗೆ ಸರಿದ.