ಎರಡು ಕಡ್ಡಿ ಸಿಗ್ನಲ್

ಸುತ್ತುತ್ತಲೇ ಇದೆ, ಫೋನಿನ ನಟ್ಟನಡುವೆ ಬಿಳಿ ಚಕ್ರ, ಅದರ ಹಿಂದೆ ವಿಡಿಯೊ ಕರೆಯಲ್ಲಿ ಅಮ್ಮ, ಆಸ್ಪತ್ರೆಯ ಮಂಚದ ಮೇಲೆ ಬಲಗೈ ಎತ್ತಿದವಳು ಎತ್ತಿದ ಹಾಗೇ ನಿಂತುಬಿಟ್ಟಿದ್ದಾಳೆ, ಕಟ್ಟು ಬಿಚ್ಚಿದ ಅಂಗೈ ನನ್ನ ಕಡೆಗೆ, ಐದೂ ಬೆರಳು ಬಿಡಿಸಿ, ಎರಡರ ತುದಿ ಕಪ್ಪು — ಏನು ಹೇಳ್ತಿದ್ದೀಯಮ್ಮಾ, ಬೇಡ ಅಂತಲೋ ಆಗಲಿ ಅಂತಲೋ, ನಮ್ಮ ಮನೆಯ ಸನ್ನೆಯಲ್ಲಿ ಎರಡಕ್ಕೂ ಇದೇ ಅಂಗೈ, ಅಡ್ಡಕ್ಕೆ ಆಡಿಸಿದರೆ ಬೇಡ, ಕೆಳಕ್ಕೆ ಇಳಿಸಿದರೆ ಆಗಲಿ, ಕೈ ಆಡಬೇಕು, ನಿಂತ ಕೈ ಮಾತಲ್ಲ. ಬಸ್ಸೂ ನಿಂತಿದೆ, ಮೇಲ್ಸೇತುವೆಯ ಕೆಳಗೆ, ಮುಂದೆ ಕಬ್ಬಿಣದ ಸರಳು ಹೊತ್ತ ಲಾರಿ ಅಡ್ಡ ತಿರುಗಿ ಸಿಕ್ಕಿಹಾಕಿಕೊಂಡಿದೆ, ಕಂಬದ ಮೇಲೆ ನನಗೆ ಸಿಗ್ನಲ್ ಕೊಡಬೇಕಾದ ಕಂಪನಿಯದೇ ಜಾಹೀರಾತು, ಹಲ್ಲು ಕಿಸಿಯುವ ಹುಡುಗಿ, ಎಲ್ಲಿದ್ದರೂ ಇಂಟರ್ನೆಟ್ ಅಂತೆ, ಎಲ್ಲಿದ್ದರೂ, ನಿನ್ನ ಬಾಯಿಗೆ ಮಣ್ಣು ಹಾಕ. ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲೇ ಕೂತಿದ್ದರೆ ಆಗುತ್ತಿತ್ತು, ಗಾಜು ಕೂರಿಸುವ ಮೇಜಿನ ಮೇಲೆ ಯಜಮಾನರ ವೈಫೈ ನೀರಿನ ಹಾಗೆ ಹರಿಯುತ್ತದೆ, ಡಾಕ್ಟರು ಹನ್ನೊಂದಕ್ಕೆ ಬರುತ್ತಾರೆ ಅಂತ ನರ್ಸ್ ಹೇಳಿದ್ದಕ್ಕೆ ಎದುರಿಗೇ ಇರೋಣವೆಂದು ಓಡಿ ಬಸ್ಸು ಹತ್ತಿದೆ, ಮಹಾರಾಯರು ಹತ್ತಕ್ಕೇ ಬಂದರು. ಚೀಲದಲ್ಲಿ ಬೆಂಕಿಪೊಟ್ಟಣದಷ್ಟು ಇಂಟರ್ನೆಟ್ ಡಬ್ಬಿ, ಇಂಥ ದಿನಕ್ಕೆಂದೇ ತೆಗೆದುಕೊಂಡದ್ದು, ವೈಫೈ ಬಿಟ್ಟು ಹೊರಗೆ ಬಂದ್ರೂ ಚಿಂತೆ ಇಲ್ಲ ಮೇಡಂ, ಓಡೋ ಬಸ್ಸಲ್ಲೂ ಹಿಡಿಯುತ್ತೆ ಅಂದಿದ್ದ ಮಾರಿದವನು, ಓಡುವ ಬಸ್ಸಿನ ಮಾತು ಹೇಳಿದ, ನಿಂತ ಬಸ್ಸಿನ ಮಾತು ಹೇಳಲಿಲ್ಲ ಪುಣ್ಯಾತ್ಮ. ಇಲ್ಲಿ ಸಿಗ್ನಲ್ ಸಾಯುತ್ತದೆ ಅಂತ ಸಹಾಯವಾಣಿಗೆ ಎಷ್ಟು ಸಲ ಹೇಳಿಲ್ಲ, ಕೋಣನ ಮುಂದೆ ಕಿನ್ನರಿ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ ಅನ್ನುತ್ತಾರೆ, ಈಗಲೂ ಮಾಡಿದೆ, ಡಬ್ಬಿಯ ಕೆಂಪು ದೀಪ ಕೆಂಪಾಗಿಯೇ ಇದೆ.

ಅರ್ಧವೇ ಹೇಳಿದ್ದೆ, ಡಾಕ್ಟರು ಎರಡು ದಾರಿ ಹೇಳಿದ್ದರು, ಇವತ್ತೇ ಎರಡು ಬೆರಳು ತೆಗೆಯುವುದು, ಇಲ್ಲವೇ ಹೊಸ ಔಷಧಿ ಕೊಟ್ಟು ಎರಡು ದಿನ ಕಾಯುವುದು, ಅದರಲ್ಲಿ ಅಪಾಯ ಇದೆ, ಅವರೇ ಹೇಳಲಿ, ಕೇಳಮ್ಮ ಅಂದರು, ನಾನು ಮೊದಲನೆಯದನ್ನು ಸನ್ನೆ ಮಾಡಿ ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಅವಳು ಕಲ್ಲಾದಳು, ನಾನು ಮಾತ್ರ ಸೀಟಿನಲ್ಲಿ ಗಾಳಿಗೆ ಕೈ ಬೀಸುತ್ತ, ಯಾರಿಗಮ್ಮ ಟಾಟಾ ಅಂದ ಕಂಡಕ್ಟರ್. ಎರಡೇ ಬೆರಳಂತೆ, ನಮ್ಮ ನಾಲಿಗೆ ಎರಡೇ ಇಂಚು ತೆಗೀತೀವಿ ಅಂದರೆ ಸುಮ್ಮನಿರುತ್ತೇವಾ, ಅವಳಿಗೆ ಅದೇ ನಾಲಿಗೆ, ಕಪ್ಪಾದ ಆ ತೋರುಬೆರಳು ನಡುಬೆರಳು ಜೋಡಿಸಿ ಕೆನ್ನೆ ತಟ್ಟಿದರೆ ನಾನು, ಹುಟ್ಟಿದಾಗಿನಿಂದ ಅವಳು ನನ್ನನ್ನು ಕರೆಯುವುದು ಹಾಗೆ. ಅವಳ ಪಕ್ಕದಲ್ಲಿ ತಮ್ಮ ಇದ್ದಾನೆ, ಇದ್ದು ಏನು ಬಂತು, ಮೂವತ್ತು ವರ್ಷ ಅವಳ ಕೈತುತ್ತು ತಿಂದ, ಅವಳ ಕೈಮಾತು ಕಲಿಯಲಿಲ್ಲ, ಕಿವಿ ಕೇಳದವಳ ಮುಂದೆ ಅರಚುತ್ತಾನೆ, ಅವನು ಅರಚಿದರೆ ಅವಳು ತಲೆಯಾಡಿಸುತ್ತಾಳೆ, ಎಲ್ಲರಿಗೂ ಆಡಿಸುತ್ತಾಳೆ, ದಡ್ಡಿ ಅಂದುಕೊಂಡಾರೆಂಬ ಭಯ, ಗೋಡೆಗೆ ಬಣ್ಣ ಹೊಡೆಯುವವನು ಏನೋ ಕೇಳಿದ್ದಕ್ಕೆ ತಲೆಯಾಡಿಸಿ ಅಡುಗೆಮನೆ ಕಡು ನೇರಳೆಯಾಯಿತು, ಆರು ವರ್ಷ ಆ ನೇರಳೆಯೊಳಗೆ ಕೂತು ಉಂಡೆವು, ನಕ್ಕೆವು. ಅರ್ಥವಾದರೆ ಕೈಯಾಡಿಸುತ್ತಾಳೆ, ಅರ್ಥವಾಗದಿದ್ದರೆ ತಲೆಯಾಡಿಸುತ್ತಾಳೆ, ಇಷ್ಟು ಗೊತ್ತಿಲ್ಲವಲ್ಲೋ ನಿನಗೆ, ಇಷ್ಟು.

ಫೋನು ಅದುರುತ್ತಿದೆ, ಬರೀ ಮಾತಿನ ಕರೆ, ಮಾತಿಗೆ ಎರಡು ಕಡ್ಡಿ ಸಿಗ್ನಲ್ ಸಾಕಂತೆ, ಕಿವಿ ಇದ್ದವರಿಗೆ ಎಲ್ಲ ಸಲೀಸು — ವಾರ್ಡಿನ ಫೋನಿಂದ ತಮ್ಮ. ಅಕ್ಕಾ, ಆಪರೇಷನ್ನಿಗೆ ಒಳಗೆ ಕರ್ಕೊಂಡು ಹೋದ್ರು, ನಿನ್ನ ಲೈನ್ ಕಟ್ಟಾಯ್ತಲ್ಲ, ಡಾಕ್ಟ್ರಿಗೆ ಬೇರೆ ಕೇಸಿತ್ತು, ನಾನೇ ಕೇಳ್ದೆ, ಜೋರಾಗಿ ಕೇಳ್ದೆ, ಅಮ್ಮ ತಲೆ ಆಡಿಸಿದ್ಳು, ಸಹಿ ಹಾಕ್ದೆ. ನಾನು ಸನ್ನೆ ಕಾಯುತ್ತ ಕೂತಿದ್ದರೆ ಇವನು ಸಹಿ ಹಾಕಿದ್ದಾನೆ, ನಿಲ್ಸೋ, ಓಡೋ, ಬಾಗಿಲು ಬಡಿಯೋ ಅಂತ ಬಸ್ಸೆಲ್ಲ ತಿರುಗಿ ನೋಡುವ ಹಾಗೆ ಕೂಗುತ್ತೇನೆ, ಆಗಲೇ ಶುರು ಆಗಿದೆ ಅಕ್ಕಾ ಅನ್ನುತ್ತಾನೆ. ಕೈ ಏನಾಯ್ತೋ, ಅವಳ ಕೈ, ಎತ್ತಿದ್ಳಲ್ಲ, ಅಡ್ಡಕ್ಕೆ ಆಡಿಸಿದ್ಳಾ ಕೆಳಗೆ ಇಳಿಸಿದ್ಳಾ. ಅವನು ಯೋಚಿಸುತ್ತಾನೆ, ಈಗ ಯೋಚಿಸುತ್ತಾನೆ. ಅವಳು ಇಳಿಸ್ಲಿಲ್ಲ ಅಕ್ಕಾ, ಎತ್ತೇ ಇಟ್ಕೊಂಡಿದ್ಳು, ನರ್ಸು ಹಿಡ್ಕೊಂಡು ಇಳಿಸಿದ್ರು. ಹಿಡಿದು ಇಳಿಸಿದರು, ಕೆಳಕ್ಕೆ, ಆಗಲಿ ಅಂತ, ಅವಳ ಕೈಯಿಂದಲೇ ಹೇಳಿಸಿದರು, ಕಿವಿಯಿಂದ ಫೋನು ತೆಗೆದು ನೋಡುತ್ತೇನೆ, ಚಕ್ರ ಸುತ್ತುತ್ತಿದೆ, ಅದರ ಹಿಂದೆ ಅಂಗೈ, ಇಳಿದಿಲ್ಲ, ಇಲ್ಲಿ ಇನ್ನೂ ಇಳಿದಿಲ್ಲ, ಐದು ಬೆರಳು —