ಮುನ್ನೂರು ಮೀಟರು ಜಾರಿದ ಗಡಿ

“ಆ ಬೋಳಿಮಗನಿಗೆ ಕಂಬ ನೆಟ್ಟಗೆ ಹಿಡಿಯಕ್ಕೆ ಬರಲ್ಲ, ನನಗೆ ನಕ್ಷೆ ಹೇಳಿಕೊಡ್ತಾನಂತೆ!” ಸರ್ವೇಯರ್ ಮಸಾವೆ ಎಲ್ಲರೆದುರು ನಕ್ಕ. ಬೋಳಿಮಗ ಅಂದರೆ ನಾನು, ಕಿರಾಂಗೊ. ಪಾರೆ ಬೆಟ್ಟದ ಕೆಳಗಿನ ಕತ್ತಾಳೆ ತೋಟದಲ್ಲಿ ಇಪ್ಪತ್ತು ವರ್ಷ ಕತ್ತಾಳೆ ಕೊಯ್ದವನು, ಅಳತೆಯವರು ಬಂದಾಗ ಅವರ ಕಂಬ ಹೊರುವವನು.

ನಾನು ಹೇಳಿದ್ದಿಷ್ಟೇ. ತೋಟದ ನಕ್ಷೆ ಹಳೆಯದು, ಭೂಮಿಯ ಆಕಾರವನ್ನು ಹಳೆಯ ಲೆಕ್ಕದಲ್ಲಿ ಹಿಡಿದು ಬರೆದದ್ದು. ಅವನ ಜಿಪಿಎಸ್ ಯಂತ್ರದ್ದು ಹೊಸ ಲೆಕ್ಕ. ಎರಡನ್ನೂ ಹೊಂದಿಸದೆ ಅಂಕಿ ಓದಿದರೆ ಗಡಿ ಉತ್ತರಕ್ಕೆ ಮುನ್ನೂರು ಮೀಟರು ಜಾರುತ್ತದೆ. ಹಿಂದೆ ಬರುತ್ತಿದ್ದ ಮುದುಕ ಸರ್ವೇಯರ್ ಮೊದಲು ಬೆಟ್ಟ ಹತ್ತಿ, ಹಳೆಯ ನಕ್ಷೆಯಲ್ಲೂ ಗುರುತಿರುವ ಅಲ್ಲಿನ ಅಳತೆಗಂಬದ ಹತ್ತಿರ ನಿಂತು ಯಂತ್ರವನ್ನು ತಾಳೆ ನೋಡುತ್ತಿದ್ದ. ಮಸಾವೆಗೆ ಬೆಟ್ಟ ಹತ್ತಲು ಪುರುಸೊತ್ತೆಲ್ಲಿ? ತೋಟದ ದಕ್ಷಿಣ ತುದಿಯ ಮ್ಯಾನೇಜರ್ ಬಂಗಲೆಯಲ್ಲಿ ಮೇಕೆ ಸುಡುತ್ತಿದ್ದರು.

ಜಾರಿದ ಗಡಿ ಹೋಗಿ ನಿಂತದ್ದು ನಕಿಯೆತೆ ಅಜ್ಜಿಯ ಮೆಕ್ಕೆಜೋಳದ ಹೊಲದಾಚೆ. ಹೊಲ, ಗುಡಿಸಲು, ಅವಳ ಗಂಡನ ಗೋರಿ, ಎಲ್ಲ ತೋಟದ ಪಾಲು.

“ಇದು ನಮ್ಮ ಮಾವ ನೆಟ್ಟ ಇಸಾಲೆ ಕಣಪ್ಪಾ. ಗಡಿಗೆ ಇನ್ನೇನು ಸಾಕ್ಷಿ ಬೇಕು?” ಅಜ್ಜಿ ಗಡಿಗಿಡಕ್ಕೆ ಅಡ್ಡ ನಿಂತಳು.

“ಗಿಡ ಸುಳ್ಳು ಹೇಳ್ತದೆ ಮುದುಕಿ, ಯಂತ್ರ ಹೇಳಲ್ಲ.” ಮಸಾವೆ ಬೂಟುಗಾಲಿನಲ್ಲಿ ಒದ್ದು ಗಿಡ ಮುರಿದ. “ಊಟ ಆದ್ಮೇಲೆ ಟ್ರ್ಯಾಕ್ಟರ್ ಬರ್ತದೆ. ನಿನ್ನ ಮಡಕೆ ಕುಡಿಕೆ ಎತ್ಕೋ.”

ಅಜ್ಜಿ ಮುರಿದ ಇಸಾಲೆ ಎತ್ತಿಕೊಂಡಳು. ಆದರೆ ಯಂತ್ರ ಸುಳ್ಳು ಹೇಳಲ್ಲ ಅಂದನಲ್ಲ, ಆ ಮಾತು ಮಾತ್ರ ನನಗೆ ಬಹಳ ಹಿಡಿಸಿತು.

ಅವನು ಊಟಕ್ಕೆ ಹೋದಾಗ ಯಂತ್ರ, ನಕ್ಷೆಯ ಗಡಿ ಅಂಕಿಗಳ ಹಾಳೆ ಎರಡೂ ನನ್ನ ಚೀಲದಲ್ಲೇ ಇದ್ದವು. ಹೊರುವುದು ನಮ್ಮ ಕೆಲಸ ತಾನೆ?

“ಅಜ್ಜಿ, ಗುದ್ದಲಿ ತಗೋ. ತೋಟ ಈ ತುದೀಲಿ ಜಾರಿದ್ರೆ ಆ ತುದೀಲೂ ಜಾರ್ಬೇಕಲ್ವಾ?”

“ಚಾಪೆ ಎಳೆದಂಗೆ?”

“ಹೂಂ, ಚಾಪೆ ಎಳೆದಂಗೇ.”

ಹಾಳೆಯಲ್ಲಿದ್ದ ದಕ್ಷಿಣ ಗಡಿಯ ಅಂಕಿ ಯಂತ್ರದಲ್ಲಿ ಮೂಡುವವರೆಗೆ ನಡೆದೆವು. ಬಂಗಲೆಗೆ ಇನ್ನೂ ಇನ್ನೂರು ಹೆಜ್ಜೆ ಇರುವಾಗಲೇ ತೋಟ ಮುಗಿದುಹೋಯಿತು. ಅಲ್ಲೊಂದು ಕೆಂಪು ಗೂಟ ಹೊಡೆದೆ. ಅದರಾಚೆಗೆಲ್ಲ ನಮ್ಮೂರ ಗೋಮಾಳ. ಅದರೊಳಗೆ ಬಂಗಲೆ, ಗುಲಾಬಿ ತೋಟ, ನಾಯಿಮನೆ.

ಬಂಗಲೆ ಗೇಟಿನ ಕಾವಲುಗಾರ ನಮ್ಮವನೇ. ದೊಣ್ಣೆ ಎತ್ತಿದವನು ಅಜ್ಜಿಯ ಕೈಯಲ್ಲಿ ಮುರಿದ ಇಸಾಲೆ ನೋಡಿ ಇಳಿಸಿದ. ಇಸಾಲೆ ಹಿಡಿದು ಬಂದವರಿಗೆ ಹೊಡೆದವನ ಜೊತೆ ನಮ್ಮಲ್ಲಿ ಯಾರೂ ಕೂತು ಉಣ್ಣುವುದಿಲ್ಲ. ಅಜ್ಜಿ ನೆಟ್ಟಗೆ ಹೋಗಿ ಗುಲಾಬಿ ಪಾತಿ ಅಗೆಯತೊಡಗಿದಳು.

“ಏಯ್ ಮುದುಕಿ! ಯಾರಪ್ಪನ ಜಾಗ ಅನ್ಕೊಂಡಿದೀಯ?” ಮ್ಯಾನೇಜರ್ ಕೈಯಲ್ಲಿ ಮೂಳೆ ಹಿಡಿದೇ ಜಗಲಿಗೆ ಬಂದ.

“ಊರ ಗೋಮಾಳ ಸ್ವಾಮಿ. ನಿಮ್ಮ ಯಂತ್ರಾನೇ ಕೇಳಿ,” ಅಂದಳು ಅಜ್ಜಿ.

ಮಸಾವೆ ನನ್ನ ಕೈಯಿಂದ ಯಂತ್ರ, ಹಾಳೆ ಕಿತ್ತುಕೊಂಡು ಗೂಟದವರೆಗೆ ಓಡಿದ, ಹಾಳೆ ನೋಡಿದ, ವಾಪಸು ಬಂದ. ಅಂಕಿ ಸರಿಯಾಗಿತ್ತು.

“ಏನಯ್ಯಾ, ಯಂತ್ರ ಸರಿ ಇದೆಯೋ ಇಲ್ವೋ?” ಮ್ಯಾನೇಜರ್ ಗುಡುಗಿದ.

ಸರಿ ಇಲ್ಲ ಅಂದರೆ ಅಜ್ಜಿಯ ಹೊಲ ಬಿಡಬೇಕು. ಸರಿ ಇದೆ ಅಂದರೆ ಉಣ್ಣುತ್ತಿರುವ ಜಗಲಿ ಬಿಡಬೇಕು. ಮಸಾವೆ ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದು ಇನ್ನೊಮ್ಮೆ ಓದತೊಡಗಿದ.

ಅಜ್ಜಿ ಇಸಾಲೆ ತುಂಡನ್ನು ಪಾತಿಯಲ್ಲಿ ನೆಟ್ಟು ಮಣ್ಣು ತುಳಿದಳು. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಚಾಲಕ ಎಂಜಿನ್ ಆರಿಸದೆ ಕೂಗಿ ಕೇಳಿದ:

“ಸಾಹೇಬ್ರೆ, ಯಾವ ಕಡೆಯಿಂದ ಉಳಲಿ?”